ಹಂಡೆಯೂ ಒಂದು ಬ್ಯಾಟರಿ

ಲಕ್ಕವಳ್ಳಿಯಲ್ಲಿ ಮಳೆಗಾಲದ ಮಾತು ಇಂಚಿನಲ್ಲಿ ಶುರುವಾಗಿ ಅಡಿಯಲ್ಲಿ ಮುಗಿಯುತ್ತದೆ. ಕುದುರೆಮುಖದ ಕಡೆ ಎಷ್ಟು ಇಂಚು, ಕಳಸದಲ್ಲಿ ಎಷ್ಟು, ಬಾಳೆಹೊನ್ನೂರಿನಲ್ಲಿ ಹೊಳೆ ಎಲ್ಲಿಯವರೆಗೆ ಏರಿದೆ ಎಂದು ವಿಚಾರಿಸಿಕೊಂಡು, ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಡ್ಯಾಮ್ ಎಷ್ಟಾಯ್ತು? ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಅದನ್ನು ಈ ಊರಿನಲ್ಲಿ ಮಗ್ಗಿಯ ಜೊತೆಗೇ ಕಲಿಯುತ್ತಾರೆ. ದಾವಣಗೆರೆ, ಹರಿಹರದ ಕಡೆ ನೆಂಟರಿದ್ದವರಿಗೆ ಜುಲೈ ತಿಂಗಳಲ್ಲಿ ಬರುವ ಫೋನುಗಳಲ್ಲಿ ಕ್ಷೇಮಸಮಾಚಾರಕ್ಕಿಂತ ಮೊದಲು ಈ ಅಂಕಿಯ ವಿಚಾರಣೆ ನಡೆಯುತ್ತದೆ. ನೂರು ಕಿಲೋಮೀಟರ್ ಆಚೆ ಗದ್ದೆ ಇಟ್ಟುಕೊಂಡವರು ನಮ್ಮೂರಿನ ನೀರನ್ನು ಎಣಿಸಿ ನಿದ್ದೆ ಮಾಡುತ್ತಾರೆ.

ಇಂಥ ಊರಿನಲ್ಲಿ ಕಣ್ಣುಬಿಟ್ಟು ಓಡಾಡುವವನಿಗೆ ಯಂತ್ರಗಳ ಹುಚ್ಚು ಹಿಡಿಯದಿದ್ದರೆ ಆಶ್ಚರ್ಯ. ನನಗೆ ಹಿಡಿದಿದೆ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಬಾಯಿಬಿಟ್ಟ ಮೋಟಾರುಗಳು, ಸುತ್ತು ಬಿಚ್ಚಿದ ಫ್ಯಾನುಗಳು, ಒಂದು ಲೂನಾದ ಇಂಜಿನ್ನು, ಎರಡು ಸತ್ತ ಇನ್ವರ್ಟರುಗಳು ಇವೆ. ಮನೆಯವರು ಅದನ್ನು ಗುಜರಿ ಎನ್ನುತ್ತಾರೆ. ನಾನು ಪ್ರಯೋಗಾಲಯ ಎನ್ನುತ್ತೇನೆ. ಗುಜರಿ ಗಾಡಿಯವನು ಬಂದಾಗಲೆಲ್ಲ ಮನೆಯವರ ಪಕ್ಷ ವಹಿಸುತ್ತಾನೆ. ಎಂಜಿನಿಯರಿಂಗ್ ಓದಿದವನಲ್ಲ ನಾನು. ಆದರೆ ಈ ವಸ್ತುಗಳ ನಡುವೆ ಕೂತು ಕೂತು ನನ್ನದೇ ಒಂದು ಅಭಿಪ್ರಾಯ ಬೆಳೆದಿದೆ: ಶಕ್ತಿ ಹುಟ್ಟಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ, ಹುಟ್ಟಿದ್ದನ್ನು ಬೇಕಾದ ಹೊತ್ತಿಗೆ ಇಟ್ಟುಕೊಳ್ಳುವುದು ವಿದ್ಯೆ. ಪೇಟೆಯಲ್ಲಿ ಮಾರಾಟಕ್ಕೆ ಬರುವುದೆಲ್ಲ ಮೊದಲನೆಯದು. ಮನೆಗೆ ಬೇಕಾಗಿರುವುದು ಎರಡನೆಯದು.

ನಮ್ಮ ಡ್ಯಾಮಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. 1947ರಲ್ಲಿ ಕೆಲಸ ಶುರುವಾಗಿ ಅರವತ್ತರ ದಶಕದ ನಡುವೆ ಮುಗಿದ ಈ ಅಣೆಕಟ್ಟಿನಲ್ಲಿ ತುಂಬಿದಾಗ 71.5 ಟಿಎಂಸಿ ನೀರು ನಿಲ್ಲುತ್ತದೆ. ಪ್ರವಾಸಿಗರು ಬಂದು ನೀರು ನೋಡಿ ‘ಸಮುದ್ರ’ ಎನ್ನುತ್ತಾರೆ, ಫೋಟೊ ತೆಗೆಯುತ್ತಾರೆ, ಮೀನೂಟ ಮಾಡಿ ಹೋಗುತ್ತಾರೆ. ನನಗೆ ಅದು ಬೇರೆಯೇ ಲೆಕ್ಕದಲ್ಲಿ ಕಾಣುತ್ತದೆ. ಒಂದು ಟಿಎಂಸಿ ನೀರನ್ನು ಒಂದೇ ಒಂದು ಮೀಟರ್ ಮೇಲಕ್ಕೆತ್ತಲು ಸುಮಾರು 77 ಸಾವಿರ ಯೂನಿಟ್ ಕರೆಂಟಿನಷ್ಟು ಶಕ್ತಿ ಬೇಕು. ಅದೇ ನೀರು 40 ಮೀಟರ್ ಕೆಳಗೆ ಬಿದ್ದರೆ, ಟರ್ಬೈನಿನ ನಷ್ಟ ಕಳೆದು, 25 ಲಕ್ಷ ಯೂನಿಟ್ ಆಸುಪಾಸು ವಾಪಸು ಕೊಡುತ್ತದೆ. ಮೇಲಕ್ಕೆತ್ತಿದವರು ಯಾರು? ಅರಬ್ಬಿ ಸಮುದ್ರದ ಬಿಸಿಲು. ಭದ್ರೆ ಹುಟ್ಟುವ ಗಂಗಾಮೂಲದ ತಲೆಯ ಮೇಲೆ ತಂದು ಸುರಿದವರು ಯಾರು? ಮುಂಗಾರು ಗಾಳಿ. ನಾವು ಮಾಡಿದ್ದು ಒಂದೇ, ಅಡ್ಡ ಗೋಡೆ ಕಟ್ಟಿ ‘ಸ್ವಲ್ಪ ತಡಿ’ ಎಂದದ್ದು. ಆ ‘ಸ್ವಲ್ಪ ತಡಿ’ಯಲ್ಲಿಯೇ ಎಲ್ಲವೂ ಇದೆ.

ಇಲ್ಲಿ ಇನ್ನೊಂದು ಸ್ವಾರಸ್ಯ. ಭದ್ರಾದ ವಿದ್ಯುತ್ ಕೇಂದ್ರಗಳ ಒಟ್ಟು ಸಾಮರ್ಥ್ಯ 39.2 ಮೆಗಾವ್ಯಾಟ್. ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟುವ ಈ ಕಾಲದಲ್ಲಿ ಅದು ನಾನೂರರಲ್ಲಿ ಒಂದು ಪಾಲೂ ಅಲ್ಲ. ಅಷ್ಟೇ ಅಲ್ಲ, ಅದು ತನ್ನಿಷ್ಟದಂತೆ ತಿರುಗುವ ಸ್ವತಂತ್ರ ಯಂತ್ರವೂ ಅಲ್ಲ. ಎಡದಂಡೆ, ಬಲದಂಡೆ ನಾಲೆಗಳಿಗೆ ನೀರು ಬಿಟ್ಟರೆ ದಾರಿಯಲ್ಲಿ ಟರ್ಬೈನ್ ತಿರುಗುತ್ತದೆ. ನಾಲೆ ನಿಂತರೆ ಅದೂ ನಿಂತಂತೆ. ಇಲ್ಲಿ ದೊರೆ ಭತ್ತ, ಕರೆಂಟು ಅದರ ಪಲ್ಲಕ್ಕಿಯ ಹಿಂದೆ ಬರುವ ಪರಿವಾರ. ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಬೇಸಿಗೆ ಬೆಳೆಗೆ ಎಂದಿನಿಂದ, ಎಷ್ಟು ದಿನ ನೀರು ಎಂದು ತೀರ್ಮಾನಿಸುವಾಗ ವಿದ್ಯುತ್ತಿನ ಮಾತಿಗಿಂತ ನಾಟಿಯ ಮಾತೇ ಹೆಚ್ಚು. ಇದನ್ನು ಕೆಲವರು ದೋಷ ಎನ್ನುತ್ತಾರೆ. ನನಗೆ ಇದೇ ಸರಿ ಅನ್ನಿಸುತ್ತದೆ. ಒಂದೇ ನೀರು ಒಂದು ಸಲ ಇಳಿಯುವಾಗ ಎರಡು ಕೆಲಸ ಮಾಡಿ ಹೋಗುತ್ತದೆ, ಮೂರನೆಯದಾಗಿ ಭದ್ರಾವತಿಯವರ ಬಾಯಾರಿಕೆಯನ್ನೂ ಕಳೆಯುತ್ತದೆ.

ನಾಲ್ಕನೆಯ ಫಲಾನುಭವಿ ಒಂದು ಹಕ್ಕಿ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಬಂದಂತೆ ಹಿನ್ನೀರಿನ ನಡುವೆ ಬೋಳು ದಿಬ್ಬಗಳು ತಲೆ ಎತ್ತುತ್ತವೆ. ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದು, ಗೂಡು ಎನ್ನಲೂ ಆಗದ ನೆಲದ ಗುಳಿಗಳಲ್ಲಿ ಮೊಟ್ಟೆ ಇಡುತ್ತವೆ. ಇಲ್ಲಿನ ಸರ್ಕಾರಿ ವಸತಿಗೃಹಕ್ಕೂ ಅದೇ ಹಕ್ಕಿಯ ಹೆಸರು. ಮಳೆ ಬೇಗ ಬಂದು ಡ್ಯಾಮು ಬೇಗ ಏರಿದರೆ ಊರಿಗೆಲ್ಲ ಹಬ್ಬ, ಆ ಹಕ್ಕಿಗಳಿಗೆ ಸೂತಕ. ಕೂಡಿಟ್ಟದ್ದು ಖರ್ಚಾಗಲಿ ಎಂದು ಕಾಯುವ ಜೀವವೂ ಒಂದಿದೆ ಎಂಬುದು ನಮ್ಮ ಲೆಕ್ಕಪುಸ್ತಕಗಳಲ್ಲಿ ಬರುವುದಿಲ್ಲ.

ಡ್ಯಾಮಿಗಿಂತ ಮೊದಲು ಈ ಸೀಮೆಯ ಬ್ಯಾಟರಿ ಯಾವುದಾಗಿತ್ತು ಎಂದು ಯೋಚಿಸಿದರೆ ಉತ್ತರ ಕಾಡು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲ ಕಾಡಿನ ಸೌದೆಯ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಈ ಕಾಡುಗಳದು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಇದ್ದಿಲಿನ ಜೊತೆಗೆ ಮರದ ಆಲ್ಕೋಹಾಲ್, ಟಾರು ಇತ್ಯಾದಿಗಳನ್ನೂ ಅಲ್ಲಿ ತೆಗೆಯುತ್ತಿದ್ದರು. ಏನನ್ನೂ ದಂಡ ಮಾಡದ ಜಾಣತನ ಅದು, ಒಪ್ಪೋಣ. ಆದರೆ ನೂರು ವರ್ಷ ಬಿಸಿಲು ಕುಡಿದು ನಿಂತ ಮರ ಕುಲುಮೆಯಲ್ಲಿ ಬಾಳುವುದು ಎಷ್ಟು ಗಳಿಗೆ? ಜೋಗದ ವಿದ್ಯುತ್ತು 1948ರಲ್ಲಿ ಬಂದ ಮೇಲೆ ಅಲ್ಲಿ ವಿದ್ಯುತ್ ಕುಲುಮೆಗಳು ಕೂತವು, ಕಾಡು ಸ್ವಲ್ಪ ಉಸಿರಾಡಿತು. ‘ಮರ ಸುಡುವುದು ನವೀಕರಿಸಬಹುದಾದ ಶಕ್ತಿ’ ಎಂದು ಈಗ ಯಾರಾದರೂ ಭಾಷಣ ಮಾಡಿದರೆ ನಾನು ಕೇಳುವ ಪ್ರಶ್ನೆ ಒಂದೇ: ಎಷ್ಟು ವರ್ಷಕ್ಕೆ?

ಇದ್ದಿಲು ಬರೀ ಕಬ್ಬಿಣ ಕರಗಿಸಲಿಲ್ಲ, ಬಸ್ಸನ್ನೂ ಓಡಿಸಿತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸೀಮೆಯ ಬಸ್ಸುಗಳ ಬೆನ್ನಿಗೆ ಒಂದೊಂದು ಡ್ರಮ್ಮು ಕೂತಿತು. ಅದರಲ್ಲಿ ಇದ್ದಿಲು ಹಾಕಿ, ಅರೆಗಾಳಿಯಲ್ಲಿ ಉರಿಸಿ, ಹೊರಡುವ ಕಾರ್ಬನ್ ಮಾನಾಕ್ಸೈಡನ್ನು ಸೋಸಿ ಇಂಜಿನ್ನಿಗೆ ಬಿಡುತ್ತಿದ್ದರು. ಕ್ಲೀನರ್ ಬೆಳಿಗ್ಗೆ ಎದ್ದು ಫ್ಯಾನು ತಿರುಗಿಸಿ ಬೆಂಕಿ ಹದಕ್ಕೆ ತರುವವರೆಗೆ ಪ್ರಯಾಣಿಕರು ಇನ್ನೊಂದು ಕಾಫಿ ಕುಡಿಯಬಹುದಿತ್ತು. ಏರು ಬಂದರೆ ಇಳಿದು ತಳ್ಳುವುದು ಟಿಕೆಟ್ಟಿನಲ್ಲೇ ಸೇರಿತ್ತು ಎಂದು ಹಿರಿಯರು ನಗುತ್ತಿದ್ದರು. ಇದ್ದಿಲಿಗೆ ಪೆಟ್ರೋಲಿನ ಮುಂದೆ ಸೋಲು ಕಟ್ಟಿಟ್ಟದ್ದೇ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಮಡಚಿ ಕೂತಿರುತ್ತದೆ. ನೀರಿನ ಬಾಟಲಿಯಷ್ಟು ಜಾಗ, ಕಿಲೋಗಿಂತ ಕಡಿಮೆ ತೂಕ, ತಿಂಗಳುಗಟ್ಟಲೆ ಕೆಡದೆ ಇರುವ ಗುಣ. ಇಡುವ ವಿದ್ಯೆಯಲ್ಲಿ ಇದಕ್ಕೆ ಸರಿಸಾಟಿ ಇನ್ನೂ ಹುಟ್ಟಿಲ್ಲ. ಪೆಟ್ರೋಲನ್ನು ಬೈಯುವವರು ಮೊದಲು ಇಷ್ಟು ಒಪ್ಪಿಕೊಂಡು ಬೈಯಬೇಕು.

ಬಯ್ಯಬೇಕಾದದ್ದು ಇಂಜಿನ್ನನ್ನು. ನಮ್ಮ ಕಡೆ ಎಕ್ಸೆಲ್ ಎಂದೇ ಕರೆಯುವ ಟಿವಿಎಸ್ ಮೊಪೆಡ್ ಲೀಟರಿಗೆ ಸುಮಾರು 60 ಕಿಲೋಮೀಟರ್ ಕೊಡುತ್ತದೆ. ಎಂದರೆ ಕಿಲೋಮೀಟರಿಗೆ 150 ವ್ಯಾಟ್-ಅವರ್. ಅದರಲ್ಲಿ ಚಕ್ರಕ್ಕೆ ತಲುಪುವುದು ಕಾಲು ಭಾಗದ ಸುತ್ತಮುತ್ತ. ಉಳಿದದ್ದು ಸೈಲೆನ್ಸರಿನಲ್ಲಿ, ಸಿಲಿಂಡರಿನ ಮೈಯಲ್ಲಿ ಬಿಸಿಯಾಗಿ ಹೋಗುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಅದೇ ದೂರವನ್ನು 30-35 ವ್ಯಾಟ್-ಅವರ್‌ನಲ್ಲಿ ಮುಗಿಸುತ್ತದೆ. 3 ಯೂನಿಟ್ಟಿನ ಬ್ಯಾಟರಿ ಎಂದರೆ ಶಕ್ತಿಯ ಲೆಕ್ಕದಲ್ಲಿ ಪೆಟ್ರೋಲಿನ ಮೂರರಲ್ಲೊಂದು ಲೀಟರು, ಅಷ್ಟರಲ್ಲೇ ಎಂಬತ್ತು ತೊಂಬತ್ತು ಕಿಲೋಮೀಟರ್. ಲಕ್ಕವಳ್ಳಿಯಿಂದ ತರೀಕೆರೆಗೆ ಹೋಗಿ ಕೆಲಸ ಮುಗಿಸಿ ಬರುವವನಿಗೆ ಇದು ಧಾರಾಳ. ಶಿವಮೊಗ್ಗಕ್ಕೆ ಹೋಗಿ ಬರುವವನೂ ಎದೆಬಡಿತವಿಲ್ಲದೆ ಬರಬಹುದು. ಚಿಕ್ಕಮಗಳೂರಿಗೆ ಹೊರಟವನು ಮಾತ್ರ ಅಲ್ಲಿ ಚಾರ್ಜಿಂಗಿಗೆ ಒಬ್ಬ ಗೆಳೆಯನನ್ನು ಸಂಪಾದಿಸಿಟ್ಟುಕೊಳ್ಳುವುದು ಒಳ್ಳೆಯದು.

ಹಾಗೆಂದು ಎಕ್ಸೆಲನ್ನು ನಾನು ಬಿಟ್ಟುಕೊಡುವವನಲ್ಲ. ಅಡಿಕೆ ಮೂಟೆ, ಹಾಲಿನ ಕ್ಯಾನು, ಹಸಿ ಹುಲ್ಲಿನ ಹೊರೆ, ಮುಂದೆ ಕಾಲಿಡುವ ಜಾಗದಲ್ಲಿ ಒಂದು ಗ್ಯಾಸ್ ಸಿಲಿಂಡರು, ಇವಿಷ್ಟನ್ನೂ ಹೊತ್ತು ತೋಟದ ಕೆಸರಿನಲ್ಲಿ ಬರುವ ಇನ್ನೊಂದು ಗಾಡಿಯನ್ನು ತೋರಿಸಿ ನೋಡೋಣ. ಅದು ಕೆಟ್ಟರೆ ರಿಪೇರಿಗೆ ಸ್ಪ್ಯಾನರು ಬಲ್ಲವನಿದ್ದರೆ ಸಾಕಿತ್ತು. ಸಾಕಿತ್ತು ಎಂದೆ, ಏಕೆಂದರೆ 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಹೊಗೆ ಕಡಿಮೆಯಾಯಿತು, ಚಳಿಗಾಲದ ಬೆಳಿಗ್ಗೆ ಮೊದಲ ಕಿಕ್ಕಿಗೇ ಏಳುತ್ತದೆ, ಎಲ್ಲ ನಿಜ. ಆದರೆ ಈಗ ಮೆಕ್ಯಾನಿಕ್ ಮೊದಲು ಕೇಳುವುದು ಸ್ಕ್ರೂಡ್ರೈವರನ್ನಲ್ಲ, ಸ್ಕ್ಯಾನರನ್ನು. ಎಲೆಕ್ಟ್ರಿಕ್ ಗಾಡಿಯದ್ದೂ ಇದೇ ಕತೆ: ಮೋಟಾರಿನಲ್ಲಿ ಕೆಡುವುದು ಬಹಳ ಕಡಿಮೆ, ಕೆಟ್ಟರೆ ಬೋರ್ಡು ಬದಲಿಸಬೇಕು, ಬೋರ್ಡು ಎಲ್ಲಿಂದಲೋ ಬರಬೇಕು. ಗಾಡಿ ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಮೈಲೇಜಿನ ಪಟ್ಟಿ ಓದುವುದಲ್ಲ. ಅದನ್ನು ಬಿಚ್ಚಬಲ್ಲವನು ನಿಮ್ಮೂರಿನಿಂದ ಎಷ್ಟು ದೂರದಲ್ಲಿದ್ದಾನೆ ಎಂದು ವಿಚಾರಿಸಿ. ನಿಂತ ಗಾಡಿಯನ್ನು ತಳ್ಳಿಕೊಂಡು ಹೋಗುವಷ್ಟು ದೂರವಾದರೆ ಕೊಳ್ಳಿ.

ಇನ್ನೊಂದು ಸೂಕ್ಷ್ಮ. ನಮ್ಮ ರಸ್ತೆಗಳು ಭದ್ರಾ ಹುಲಿ ರಕ್ಷಿತ ಪ್ರದೇಶದ ಅಂಚಿನಲ್ಲಿ ಹೋಗುತ್ತವೆ. ಸದ್ದಿಲ್ಲದ ಸ್ಕೂಟರು ಪೇಟೆಯಲ್ಲಿ ವರ. ಇಲ್ಲಿ ಸಂಜೆಯ ಮಬ್ಬಿನಲ್ಲಿ ತಿರುವು ದಾಟಿದಾಗ ಆನೆಗೆ ನೀವು ಬಂದದ್ದು ಗೊತ್ತಾಗಿರುವುದಿಲ್ಲ, ನಿಮಗೆ ಅದು ಇದ್ದದ್ದು ಗೊತ್ತಾಗಿರುವುದಿಲ್ಲ. ಹಳೆಯ ಯೆಜ್ಡಿ ಬೈಕಿನ ಸದ್ದು ಅರ್ಧ ಮೈಲಿ ಮುಂಚೆಯೇ ಎಲ್ಲ ಪ್ರಾಣಿಗಳಿಗೂ ನೋಟೀಸು ಕೊಡುತ್ತಿತ್ತು. ಕತ್ತಲಾದ ಮೇಲೆ ಆ ದಾರಿಯಲ್ಲಿ ಹೋಗಲೇಬೇಕಾದರೆ ನಿಧಾನ, ಹಾರ್ನು, ದೀಪ. ಇದಕ್ಕೆ ಯಾವ ಕಂಪನಿಯ ಆ್ಯಪೂ ಬದಲಿಯಲ್ಲ.

ಪೆಟ್ರೋಲು ತಿಂಗಳುಗಟ್ಟಲೆ ಇರುತ್ತದೆ ಎಂದೆನಲ್ಲ, ಆ ಗುಣಕ್ಕೂ ಈಗ ಕುತ್ತು ಬಂದಿದೆ. ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಸೇರಿದ ಪೆಟ್ರೋಲು. ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಶಕ್ತಿ ಮಾತ್ರ ಇರುವುದರಿಂದ ಮೈಲೇಜು ಲೆಕ್ಕಕ್ಕೆ ನೂರಕ್ಕೆ ಆರೇಳು ಕಮ್ಮಿಯಾಗಬೇಕು. ಅದು ಹೋಗಲಿ. ಮಲೆನಾಡಿನವರಿಗೆ ದೊಡ್ಡ ತೊಂದರೆ ನೀರಿನದು. ಎಥನಾಲ್ ಗಾಳಿಯ ತೇವವನ್ನೇ ಹೀರುತ್ತದೆ. ಟ್ಯಾಂಕಿಗೆ ಮಳೆನೀರು ಸೇರಿದರಂತೂ ಅದನ್ನು ಎಳೆದುಕೊಂಡು ತಳಕ್ಕೆ ಇಳಿದು ಕೂರುತ್ತದೆ, ಇಂಜಿನ್ನಿಗೆ ಹೋಗುವ ಪೈಪು ಇರುವುದೂ ತಳದಲ್ಲೇ. ಹುಲ್ಲು ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಪಂಪು ಇಟ್ಟುಕೊಂಡವರು ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲು ಬಿಡಬೇಡಿ. ಮುಂದಿನ ವರ್ಷ ಬೋರ್ಡೋ ದ್ರಾವಣ ಹೊಡೆಯುವ ಹೊತ್ತಿಗೆ ಹಗ್ಗ ಎಳೆದು ಎಳೆದು ರಟ್ಟೆ ಬೀಳುತ್ತದೆ.

ಈಗ ಮನೆಯೊಳಕ್ಕೆ ಬರೋಣ, ನನ್ನ ನಿಜವಾದ ವಾದ ಇರುವುದು ಬಚ್ಚಲಿನಲ್ಲಿ.

ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು 4 ಯೂನಿಟ್ ಶಕ್ತಿ ಬೇಕು. ಎಂದರೆ ತಾಮ್ರದ ದೊಡ್ಡ ಹಂಡೆಯಲ್ಲೋ ಸೋಲಾರ್ ಹೀಟರಿನ ಟ್ಯಾಂಕಿನಲ್ಲೋ ಕಾದು ನಿಂತ ನೀರಿನಲ್ಲಿ ಸ್ಕೂಟರಿನ ಬ್ಯಾಟರಿಗಿಂತ ಹೆಚ್ಚು ಶಕ್ತಿ ಇದೆ. ಮನೆಮನೆಯ ಜಗುಲಿಯಲ್ಲಿ ಕೂರುವ ಇನ್ವರ್ಟರ್ ಬ್ಯಾಟರಿ, 150 ಆಂಪಿಯರ್-ಅವರ್‌ನದು, ಐವತ್ತು ಅರುವತ್ತು ಕಿಲೋ ತೂಗುತ್ತದೆ, ಪೂರ್ತಿ ಹಿಂಡಿದರೂ 1.8 ಯೂನಿಟ್, ಅಷ್ಟು ಹಿಂಡಿದರೆ ಅದು ಬೇಗ ಸಾಯುತ್ತದೆ. ಹಂಡೆಗೆ ಡಿಸ್ಟಿಲ್ಡ್ ವಾಟರ್ ಬೇಡ, ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುವುದು ಬೇಡ. ನಮ್ಮ ಅಜ್ಜಿಯರು ಸಂಜೆ ಅಡಿಕೆ ಹಾಳೆ, ತೆಂಗಿನ ಮಟ್ಟೆ, ಗರಿಬುಡ ಹಾಕಿ ಹಂಡೆ ಕಾಯಿಸಿ, ಬೂದಿ ಮುಚ್ಚಿ, ಬೆಳಿಗ್ಗೆಯೂ ಬಿಸಿ ಉಳಿಯುವಂತೆ ಇಡುತ್ತಿದ್ದರಲ್ಲ, ಅದೂ ಕೂಡಿಡುವ ತಂತ್ರವೇ. ರಾಜ್ಯದ ಮನೆಗಳೆಲ್ಲ ಬೆಳಗಿನ ಹೊತ್ತು ಒಟ್ಟಿಗೆ ಗೀಸರ್ ಹಾಕುವುದರಿಂದ ಎಷ್ಟು ಬೇಡಿಕೆ ಏರುತ್ತದೋ, ಸೋಲಾರ್ ಹೀಟರ್ ಇರುವ ಮನೆಯಲ್ಲಿ ಅದರ ಪಾಲನ್ನು ಛಾವಣಿಯ ಮೇಲಿನ ಕಪ್ಪು ಕೊಳವೆಗಳು ಹಿಂದಿನ ದಿನವೇ ತೀರಿಸಿಟ್ಟಿರುತ್ತವೆ. ಸೋಲಾರ್ ಎಂದರೆ ಜನ ಮೊದಲು ಕರೆಂಟಿನ ಪ್ಯಾನೆಲ್ ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಬಿಸಿನೀರು. ಬಿಸಿಲಿನಿಂದ ಬಿಸಿ ಮಾಡುವುದು ನೇರದಾರಿ, ಬಿಸಿಲಿನಿಂದ ಕರೆಂಟು ಮಾಡಿ ಕರೆಂಟಿನಿಂದ ನೀರು ಕಾಯಿಸುವುದು ಊರು ಸುತ್ತಿ ಬರುವ ದಾರಿ.

ನೀರಿನ ಟ್ಯಾಂಕಿನ ವಿಷಯ ಇನ್ನೂ ವಿಚಿತ್ರ. ಸಾವಿರ ಲೀಟರಿನ ಟ್ಯಾಂಕು ಹತ್ತು ಮೀಟರ್ ಎತ್ತರದಲ್ಲಿದ್ದರೆ ಅದರಲ್ಲಿ ಎಷ್ಟು ಶಕ್ತಿ ಕೂತಿದೆ? ಕೇವಲ 27 ವ್ಯಾಟ್-ಅವರ್. ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬು ಮೂರು ಗಂಟೆ ಉರಿಯುವಷ್ಟು. ಡ್ಯಾಮು ನೋಡಿ ಹುರುಪೇರಿದ ಹುಡುಗರು ‘ಟ್ಯಾಂಕಿನ ಪೈಪಿಗೆ ಟರ್ಬೈನ್ ಕೂರಿಸಿ ಕರೆಂಟು ಮಾಡೋಣವೇ’ ಎಂದು ಬಂದಾಗ ನಾನು ಈ ಲೆಕ್ಕ ಹೇಳಿ ಚಹಾ ಕೊಟ್ಟು ಕಳಿಸುತ್ತೇನೆ. ನೀರಿನಿಂದ ಕರೆಂಟು ಬೇಕಾದರೆ ಒಂದೋ ಟಿಎಂಸಿ ಬೇಕು, ಇಲ್ಲವೇ ಶೃಂಗೇರಿ, ಕೊಪ್ಪದ ಕಡೆಯ ತೋಟಗಳಂತೆ ಗುಡ್ಡದಿಂದ ಬಿಡದೆ ಇಳಿಯುವ ಹಳ್ಳ ಬೇಕು. ಅಲ್ಲಿ ಸೆಕೆಂಡಿಗೆ 10 ಲೀಟರ್ ನೀರು 10 ಮೀಟರ್ ಬಿದ್ದರೆ ಅರ್ಧ ಕಿಲೋವ್ಯಾಟ್ ಹಗಲೂ ರಾತ್ರಿ ಬರುತ್ತದೆ. ಪಿಕೊ ಹೈಡ್ರೊ ಎನ್ನುವ ಪುಟ್ಟ ಟರ್ಬೈನುಗಳಿಂದ ಮನೆ ಬೆಳಗಿಸಿಕೊಂಡವರು ಅಲ್ಲಿದ್ದಾರೆ. ಅಷ್ಟು ಭಾಗ್ಯವಿಲ್ಲದ ನಮ್ಮಂಥವರಿಗೆ ಟ್ಯಾಂಕಿನ ಬೆಲೆ ಬೇರೆ ಕಡೆ ಇದೆ. ನೂರು ಮೀಟರ್ ಆಳದ ಬೋರಿನಿಂದ ಆ ಸಾವಿರ ಲೀಟರ್ ಎತ್ತಲು ಪಂಪು ಮುಕ್ಕಾಲು ಯೂನಿಟ್ ತಿಂದಿರುತ್ತದೆ. ತ್ರೀ ಫೇಸ್ ಇದ್ದಾಗ ಅದನ್ನು ಎತ್ತಿಟ್ಟುಕೊಂಡರೆ ಕರೆಂಟು ಹೋದಾಗ ಮುಕ್ಕಾಲು ಯೂನಿಟ್ಟಿನ ಬ್ಯಾಟರಿ ಉಳಿಯಿತು. ಕರೆಂಟನ್ನು ಕೂಡಿಡಬೇಡಿ, ಕರೆಂಟು ಮಾಡಬೇಕಾದ ಕೆಲಸವನ್ನು ಮುಗಿಸಿ ಕೂಡಿಡಿ. ಎತ್ತಿದ ನೀರು, ಕಾದ ನೀರು, ಬೀಸಿದ ಹಿಟ್ಟು, ಸುಲಿದ ಅಡಿಕೆ. ಇವಾವೂ ಲೀಕ್ ಆಗುವುದಿಲ್ಲ.

ಇಷ್ಟಾದ ಮೇಲೂ ದೀಪ, ಫ್ಯಾನು, ಫೋನು ಉಳಿಯುತ್ತವೆ. ಅವುಗಳಿಗೆ ಪ್ಯಾನೆಲ್ ಹಾಕಿಸುವ ಉತ್ಸಾಹ ಈಗ ಊರಿನಲ್ಲಿ ಜೋರಾಗಿದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿನವರೆಗೆ ಕಿಲೋವ್ಯಾಟಿಗೆ 30 ಸಾವಿರ ರೂಪಾಯಿ, ಮೂರು ಅಥವಾ ಹೆಚ್ಚಿನದಕ್ಕೆ 78 ಸಾವಿರ ಸಹಾಯಧನ. ಇನ್ನೊಂದು ಕಡೆ 2023ರಿಂದ ಗೃಹಜ್ಯೋತಿಯಿದೆ, ನಿಮ್ಮ ಹಿಂದಿನ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ, 200 ಯೂನಿಟ್ ಮೀರದಂತೆ, ಬಿಲ್ಲು ಸೊನ್ನೆ. ಕೇಂದ್ರ ‘ಹಾಕಿಸಿ’ ಎನ್ನುತ್ತದೆ, ರಾಜ್ಯ ‘ಯಾಕೆ ಬೇಕು’ ಎನ್ನುತ್ತದೆ. ನಡುವೆ ಗೃಹಸ್ಥ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದಾನೆ. ಬಿಲ್ಲೇ ಬರದ ಮನೆಗೆ ಪ್ಯಾನೆಲಿನ ಬಂಡವಾಳ ಯಾವಾಗ ಹುಟ್ಟೀತು? ಎಲೆಕ್ಟ್ರಿಕ್ ಸ್ಕೂಟರು ಬಂದು ಸರಾಸರಿ ದಾಟಿದವನಿಗೆ ಮಾತ್ರ ಲೆಕ್ಕ ಬೇರೆ.

ಹಾಕಿಸುವವರಿಗೆ ಯಾರೂ ಮೊದಲೇ ಹೇಳದ ಎರಡು ಮಾತು ಹೇಳಿಬಿಡುತ್ತೇನೆ. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೋಲಾರು, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ನಡು ಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲು, ತಲೆಯ ಮೇಲೆ ಮೂರು ಕಿಲೋವ್ಯಾಟ್ ಪ್ಯಾನೆಲ್, ಕೆಳಗೆ ಫ್ಯಾನು ತಿರುಗುವುದಿಲ್ಲ. ಇದು ದೋಷವಲ್ಲ. ಕಂಬ ಹತ್ತಿದ ಲೈನ್‌ಮನ್ ಸಾಯಬಾರದೆಂದು ಬೇಕೆಂದೇ ಮಾಡಿದ ವ್ಯವಸ್ಥೆ. ಬೇಸಿಗೆಯ ಮೊದಲ ಗುಡುಗಿಗೇ ಬಿದಿರು ಮೆಳೆ ತಂತಿಯ ಮೇಲೆ ಮಲಗುವ ನಮ್ಮಂಥ ಕಡೆ ಅದನ್ನು ತಿಳಿದೇ ಹಾಕಿಸಬೇಕು, ಬೇಕಿದ್ದರೆ ಹೈಬ್ರಿಡ್ ಇನ್ವರ್ಟರ್ ಕೇಳಬೇಕು. ಎರಡನೆಯದು ನೆರಳು. ಸಾಲಾಗಿ ಜೋಡಿಸಿದ ಪ್ಯಾನೆಲುಗಳಲ್ಲಿ ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಅಡಿಕೆ ತೋಟದ ನಡುವಿನ ಹೆಂಚಿನ ಮನೆಯಲ್ಲಿ ನೆರಳಿಲ್ಲದ ಮೂಲೆ ಹುಡುಕುವುದು ಗಂಡಿಗೆ ಹೆಣ್ಣು ಹುಡುಕುವಷ್ಟೇ ಕಷ್ಟ. ಸಿಕ್ಕಿದರೆ ಅಲ್ಲಿ ಮಂಗಗಳು ಜಾರುಬಂಡಿ ಆಡುತ್ತವೆ.

ಮಳೆಗಾಲದಲ್ಲಿ ಪ್ಯಾನೆಲು ಸೊರಗುತ್ತದೆ ಎಂದು ಜನ ಗೊಣಗುತ್ತಾರೆ. ಗೊಣಗುವ ಮೊದಲು ಅಜ್ಜಂಪುರದ ಕಡೆ ಒಂದು ಸುತ್ತು ಹೋಗಿ ಬರಬೇಕು. ನಿನ್ನೆಮೊನ್ನೆಯವರೆಗೆ ನಮ್ಮದೇ ತಾಲ್ಲೂಕಾಗಿದ್ದರೂ ಅಲ್ಲಿ ಆಕಾಶವೇ ಬೇರೆ. ಇಲ್ಲಿ ಜಡಿಮಳೆ ಹಿಡಿದ ದಿನ ಅಲ್ಲಿ ಬರೀ ಗಾಳಿ. ಆಚೆ ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ವರ್ಷದಲ್ಲೇ ಹೆಚ್ಚು ಬಿರುಸಾಗಿ ತಿರುಗುವುದು ಇದೇ ಮುಂಗಾರಿನ ತಿಂಗಳುಗಳಲ್ಲಿ. ಬಿಸಿಲು ಮಂಕಾದಾಗ ಗಾಳಿ ಏಳುತ್ತದೆ, ಅದೇ ಗಾಳಿ ತಂದ ಮಳೆ ಡ್ಯಾಮಿನಲ್ಲಿ ನಿಂತು ಬೇಸಿಗೆಗೆ ಕಾಯುತ್ತದೆ. ಕರ್ನಾಟಕಕ್ಕೆ ಈ ಮೂರೂ ಒಟ್ಟಿಗೆ ದಕ್ಕಿರುವುದು ಸಣ್ಣ ಪುಣ್ಯವಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಹುಟ್ಟಿಸುವ ಕರೆಂಟು ಸಂಜೆ ಆರಕ್ಕೆ ಕೈಕೊಡುತ್ತದೆ ಎಂಬುದೂ ಅಷ್ಟೇ ನಿಜ. ಅದನ್ನು ರಾತ್ರಿಗೆ ದಾಟಿಸಬೇಕೆಂದೇ ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿರುವುದು. ಹಗಲು ನೀರನ್ನು ಮೇಲಕ್ಕೆತ್ತು, ರಾತ್ರಿ ಕೆಳಕ್ಕೆ ಬಿಡು. ತತ್ವದಲ್ಲಿ ನನಗೆ ತಕರಾರಿಲ್ಲ, ಅದು ನನ್ನದೇ ವಾದ. ಎತ್ತಿ ಇಳಿಸುವುದರಲ್ಲಿ ಐದರಲ್ಲೊಂದು ಪಾಲು ಕರಗುತ್ತದೆ, ಅದನ್ನೂ ಸಹಿಸಬಹುದು. ಆದರೆ ಸಿಂಗಳೀಕಗಳ ಕಾಡನ್ನು ಅಗೆಯುವ ಮುಂಚೆ ರಾಜ್ಯದ ಗೀಸರುಗಳನ್ನೂ ಪಂಪುಗಳನ್ನೂ ಹಗಲಿಗೆ ತಿರುಗಿಸಿ ಮುಗಿಸಿದ್ದೀರಾ ಎಂದು ಕೇಳುವ ಹಕ್ಕು ನಮಗಿದೆ.

ನಮ್ಮ ಡ್ಯಾಮೂ ಈಗ ಬರೀ ಕೊಡುವ ಡ್ಯಾಮಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.40 ಟಿಎಂಸಿ ನೀರನ್ನು ಇಲ್ಲಿಗೆ ಎತ್ತಿ ತಂದು, ಇಲ್ಲಿಂದ 29.90 ಟಿಎಂಸಿಯನ್ನು ಮತ್ತೆ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಬಯಲಿಗೆ ಹರಿಸಬೇಕು. ಮೀಟರಿಗೆ 77 ಸಾವಿರ ಯೂನಿಟ್ ಎಂದೆನಲ್ಲ, ಗುಣಿಸಿ ನೋಡಿ. ಬಯಲು ಸೀಮೆಯವರ ಬಾಯಾರಿಕೆಯ ಮುಂದೆ ಯೂನಿಟ್ ಲೆಕ್ಕ ಹೇಳುವುದು ಸಭ್ಯತೆಯಲ್ಲ. ಆದರೆ ಆ ಪಂಪುಗಳನ್ನು ಬಿಸಿಲಿರುವಾಗ, ಗಾಳಿಯಿರುವಾಗ ಓಡಿಸಿ ಸಂಜೆ ನಿಲ್ಲಿಸುವುದು ಸಾಧ್ಯ. ಕೆರೆಗೆ ನೀರು ಮಧ್ಯಾಹ್ನ ಬಂದರೇನು, ಮಧ್ಯರಾತ್ರಿ ಬಂದರೇನು?

ಇಷ್ಟೆಲ್ಲ ಕೂಡಿಡುವ ಮಾತಾಡಿದವನು, ಏನನ್ನೂ ಕೂಡಿಡದ ಒಂದು ಯಂತ್ರವನ್ನು ಹೊಗಳದಿದ್ದರೆ ತಪ್ಪಾದೀತು. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸಿನಲ್ಲಿ ಗಟ್ಟಿಯಾಗಿ ಕೇಳುತ್ತಿದ್ದ ಕಾಲದಲ್ಲಿ, ಒಂದು ರಟ್ಟಿನ ಕೊಳವೆಗೆ ತಾಮ್ರದ ತಂತಿ ಸುತ್ತಿ, ಒಂದು ಜರ್ಮೇನಿಯಂ ಡಯೋಡು, ಮಾವಿನ ಮರಕ್ಕೆ ಕಟ್ಟಿದ ಉದ್ದನೆಯ ತಂತಿ, ಕಿವಿಗೆ ಹಳೆಯ ಹೆಡ್‌ಫೋನು ಇಷ್ಟರಲ್ಲೇ ರೇಡಿಯೊ ಮಾಡಬಹುದಿತ್ತು. ಶೆಲ್ಲು ಇಲ್ಲ, ಕರೆಂಟು ಇಲ್ಲ. ಗಾಳಿಯಲ್ಲಿ ಹಾದುಹೋಗುವ ಅಲೆಯ ಶಕ್ತಿಯೇ ಕಿವಿಯಲ್ಲಿ ಪ್ರದೇಶ ಸಮಾಚಾರವಾಗುತ್ತಿತ್ತು. ಬಿಲ್ಲಿಲ್ಲದ ಕರೆಂಟು ನಾನು ಮೊದಲು ಅನುಭವಿಸಿದ್ದು ಅಲ್ಲಿ, ಗೃಹಜ್ಯೋತಿಯಲ್ಲಲ್ಲ. ಮಕ್ಕಳಿಗೆ ವಿಜ್ಞಾನದ ಹುಚ್ಚು ಹಿಡಿಸಲು ಇದಕ್ಕಿಂತ ಅಗ್ಗದ ಸಾಧನ ನಾನು ಕಂಡಿಲ್ಲ.

ಕೊನೆಗೆ ಊರಂಚಿನ ಬೇಲಿ. ನಮ್ಮ ಕಡೆ ಅತಿ ಹೆಚ್ಚು ದುಡಿಯುವ ಸೋಲಾರ್ ಯಾವುದೆಂದರೆ ಆನೆ, ಹಂದಿ ತಡೆಯುವ ತಂತಿಬೇಲಿಯದು. ಒಂದು ಸಣ್ಣ ಪ್ಯಾನೆಲು, ಒಂದು 12 ವೋಲ್ಟ್ ಬ್ಯಾಟರಿ, ಒಂದು ಎನರ್ಜೈಸರ್ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕೆಪಾಸಿಟರ್ ಒಂದು ಸೆಕೆಂಡಿನಷ್ಟು ಹೊತ್ತು ತುಸುತುಸುವೇ ತುಂಬಿಕೊಂಡು, ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ಎಲ್ಲವನ್ನೂ ತಂತಿಗೆ ಸುರಿಯುತ್ತದೆ. ವೋಲ್ಟೇಜು ಐದು ಸಾವಿರ ದಾಟುತ್ತದೆ, ಆದರೆ ಶಕ್ತಿ ಕೆಲವೇ ಜೂಲ್. ಒಂದು ಜೂಲ್ ಎಂದರೆ ಕಿಲೋ ಅಕ್ಕಿಯನ್ನು ಅರ್ಧ ಗೇಣು ಎತ್ತುವಷ್ಟು. ಮುಟ್ಟಿದ ಪ್ರಾಣಿಗೆ ಹೊಡೆತ ಬೀಳುತ್ತದೆ, ಬಿಡಿಸಿಕೊಳ್ಳಲು ಬೆನ್ನಿಗೇ ಒಂದು ಸೆಕೆಂಡಿನ ಬಿಡುವೂ ಸಿಗುತ್ತದೆ. ಕೊಲ್ಲದೆ ಹೆದರಿಸುವ ಗುಟ್ಟು ಆ ಬಿಡುವಿನಲ್ಲಿದೆ. ಇದಕ್ಕೂ ಆರೈಕೆ ಬೇಕು: ಮಳೆಗಾಲದಲ್ಲಿ ಹಸಿ ಗಿಡ ತಂತಿಗೆ ತಾಗಿ ಶಕ್ತಿ ಸೋರುತ್ತದೆ, ಬೇಸಿಗೆಯಲ್ಲಿ ನೆಲ ಒಣಗಿ ಅರ್ತಿಂಗ್ ಸತ್ತು ಹೊಡೆತ ಸಪ್ಪೆಯಾಗುತ್ತದೆ. ಅರ್ತಿಂಗ್ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಹೊಯ್ಯದ ಸೋಮಾರಿತನಕ್ಕೆ ಬೇಲಿಯನ್ನು ದೂರುವವರು ಬಹಳ. ಆನೆಗಳಂತೂ ದಂತದಿಂದ ತಂತಿ ಒತ್ತಿದರೆ ಶಾಕ್ ಹೊಡೆಯುವುದಿಲ್ಲ ಎಂದು ಕಲಿತುಕೊಂಡಿವೆ, ಕಂಬವನ್ನೇ ಮುರಿಯುವುದನ್ನೂ ಕಲಿತಿವೆ. ಅವುಗಳ ಹವ್ಯಾಸವೂ ಬೆಳೆಯುತ್ತಿದೆ.

ಆದ್ದರಿಂದ ಬೇಲಿ ಸಾಲದೆಂದು ಸಿಟ್ಟಿಗೆದ್ದು ಯಾರೂ ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡಬೇಡಿ. ಅದು ಅಪರಾಧ, ಅದರಲ್ಲಿ ಬಿಡುವಿನ ಸೆಕೆಂಡು ಇಲ್ಲ. ಆನೆಯನ್ನೂ ಬಿಡುವುದಿಲ್ಲ, ಬೆಳಗಾಗುವ ಮುಂಚೆ ಬಿದ್ದ ಅಡಿಕೆ ಹೆಕ್ಕಲು ಬಂದ ಪಕ್ಕದ ಮನೆಯವರನ್ನೂ ಬಿಡುವುದಿಲ್ಲ. ಅಂಥ ತಂತಿ ನಿಮ್ಮ ಕಣ್ಣಿಗೆ ಬಿದ್ದರೆ ನೆರೆಹೊರೆಯ ದಾಕ್ಷಿಣ್ಯಕ್ಕೆ ಸುಮ್ಮನಿರದೆ, ಅವತ್ತೇ ಮೆಸ್ಕಾಂನವರಿಗೆ ಹೇಳಿ ತೆಗೆಸಿ.